ಕಲ್ಲಿನ ತಡೆಗೋಡೆಯಿಂದ ಮೀನು ಹಿಡಿಯುವುದು: ದೂರ ಎಸೆಯುವ ಮೊದಲು ಕಾಲಡಿ ನೋಡಿ

ಕಡಲತೀರದ ಕಲ್ಲಿನ ತಡೆಗೋಡೆ ಮೇಲೆ ಮೊದಲ ಸಲ ಗಾಳ ಹಿಡಿದು ನಿಂತವರು ಸಾಮಾನ್ಯವಾಗಿ ಒಂದೇ ಕೆಲಸ ಮಾಡುತ್ತಾರೆ. ತೋಳಲ್ಲಿ ಇರುವ ಬಲವನ್ನೆಲ್ಲ ಹಾಕಿ, ಎಷ್ಟು ದೂರ ಆಗುತ್ತೋ ಅಷ್ಟು ದೂರ ಎಸೆಯುತ್ತಾರೆ. ದೊಡ್ಡ ಮೀನು ಅಂದ್ರೆ ದೂರದ ನೀರು ಅನ್ನುವ ನಂಬಿಕೆ. ಆದರೆ ಆ ದೂರದ ನೀರಿನ ತಳದಲ್ಲಿ ಬಹಳ ಕಡೆ ಬರೀ ಮರಳು ಇರುತ್ತದೆ. ಅಲ್ಲಿ ಮೀನಿಗೆ ಅಡಗುವ ಜಾಗ ಇಲ್ಲ, ನಿಂತು ತಿನ್ನುವಂಥದ್ದೂ ಕಮ್ಮಿ. ಎರಡೂ ಸಿಗುವುದು ಎಸೆದವರ ಕಾಲಡಿಯ ಗೋಡೆಯಲ್ಲಿ.

ಅದಕ್ಕೇ ಈ ಲೇಖನದಲ್ಲಿ ಗಾಳ, ದಾರದ ಮಾತಿಗಿಂತ ಮೊದಲು ಗೋಡೆಯ ಮಾತು ಬರುತ್ತದೆ. ಗೋಡೆ ಅಲೆಯನ್ನು ಏನು ಮಾಡುತ್ತದೆ ಅನ್ನುವುದು ಅರ್ಥವಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಮೀನು ಎಲ್ಲಿ ನಿಲ್ಲುತ್ತದೆ, ದಾರ ಯಾಕೆ ಕಡಿಯುತ್ತದೆ, ಮನುಷ್ಯ ಯಾಕೆ ನೀರಿಗೆ ಬೀಳುತ್ತಾನೆ, ಈ ಮೂರಕ್ಕೂ ಕಾರಣ ಒಂದೇ.

ಗೋಡೆಯ ಒಳಗೆ ಏನಿದೆ

ಕಲ್ಲಿನ ತಡೆಗೋಡೆ ಮೇಲಿಂದ ನೋಡಿದರೆ ಸುಮ್ನೆ ಕಲ್ಲು ಸುರಿದ ರಾಶಿ ಅನ್ನಿಸುತ್ತದೆ. ಹಾಗಲ್ಲ. ಒಳಗೆ ಸಣ್ಣ ಕಲ್ಲಿನ ತಿರುಳು ಇರುತ್ತದೆ. ಅದರ ಮೇಲೆ ಮಧ್ಯಮ ಗಾತ್ರದ ಕಲ್ಲಿನ ಪದರ. ಎಲ್ಲಕ್ಕಿಂತ ಹೊರಗೆ ಟನ್‌ಗಟ್ಟಲೆ ತೂಗುವ ದೊಡ್ಡ ಬಂಡೆಗಳು. ಈ ಹೊರಪದರದ ಒಟ್ಟು ಗಾತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಖಾಲಿ ಜಾಗವೇ. ಬಂಡೆಗಳ ಬದಲು ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್ ಹಾಕಿದ ಕಡೆ ಸುಮಾರು ಅರ್ಧದಷ್ಟು ಖಾಲಿ. ಟೆಟ್ರಾಪಾಡ್ 1950ರಲ್ಲಿ ಫ್ರಾನ್ಸ್‌ನಲ್ಲಿ ರೂಪುಗೊಂಡಿತು. ಆಮೇಲೆ ದಕ್ಷಿಣ ಆಫ್ರಿಕಾದಿಂದ ಡೋಲೊಸ್ ಅನ್ನುವ ಇನ್ನೊಂದು ಆಕಾರ ಬಂತು. ಆಕಾರ ಯಾವುದೇ ಇರಲಿ, ಉದ್ದೇಶ ಒಂದೇ: ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗಿ ಕೂರಬೇಕು, ಆದರೆ ನಡುವೆ ಸಂದುಗಳು ಉಳಿಯಬೇಕು.

ಸಂದು ಯಾಕೆ ಬೇಕು? ಅಲೆ ನೇರ, ನುಣುಪಾದ ಗೋಡೆಗೆ ಬಡಿದರೆ ಹೆಚ್ಚುಕಮ್ಮಿ ಪೂರ್ತಿ ಶಕ್ತಿಯೊಂದಿಗೆ ಹಿಂದಕ್ಕೆ ಪುಟಿಯುತ್ತದೆ. ಸಂದುಗಳಿರುವ ಇಳಿಜಾರು ಗೋಡೆಗೆ ಬಡಿದರೆ ನೀರು ಒಳಗೆ ನುಗ್ಗಿ, ಕಲ್ಲುಗಳ ನಡುವೆ ಚದುರಿ, ಶಕ್ತಿ ಕಳೆದುಕೊಳ್ಳುತ್ತದೆ. ಗೋಡೆಯ ಕೆಲಸವೇ ಅದು.

ಎಂಜಿನಿಯರ್‌ಗಳು ಅಲೆಗಾಗಿ ಬಿಟ್ಟ ಈ ಸಂದುಗಳು ಏಡಿ, ಸಿಗಡಿ, ಮರಿಮೀನುಗಳಿಗೆ ವಠಾರದ ಮನೆಗಳಾಗುತ್ತವೆ. ಮರಳು ತೀರದಲ್ಲಿ ಪಾಚಿಗೆ, ಚಿಪ್ಪಿನ ಜೀವಿಗಳಿಗೆ ಅಂಟಿಕೊಳ್ಳಲು ಗಟ್ಟಿ ನೆಲವೇ ಇರುವುದಿಲ್ಲ. ಅಲ್ಲಿಗೆ ಕಲ್ಲು ಬಂದು ಬಿದ್ದರೆ ಮೊದಲು ಪಾಚಿ ಹಿಡಿಯುತ್ತದೆ, ಆಮೇಲೆ ಕಲ್ಲಿಗೆ ಅಂಟಿ ಬೆಳೆಯುವ ಚೂಪು ಚಿಪ್ಪಿನ ಬಾರ್ನಕಲ್, ನೀಲಿಕಲ್ಲು ಅನ್ನುವ ಚಿಪ್ಪುಜೀವಿ, ಸಿಂಪಿ. ಪಾಚಿ ಮೇಯುವುದಕ್ಕೆ ಒಂದು ಜಾತಿಯ ಮೀನು, ಚಿಪ್ಪು ಒಡೆದು ತಿನ್ನುವುದಕ್ಕೆ ಬ್ರೀಮ್‌ನಂಥ ಇನ್ನೊಂದು ಜಾತಿ, ಇವನ್ನೆಲ್ಲ ಹೊಂಚುಹಾಕಿ ನುಂಗುವುದಕ್ಕೆ ಗ್ರೂಪರ್, ಸ್ನ್ಯಾಪರ್. ಹೊರಗಿನ ನೀರಿನಲ್ಲಿ ಗಸ್ತು ಹೊಡೆಯುವ ಬ್ಯಾರಕುಡಾ, ಟ್ರೆವಲಿ ಕೂಡ ಗೋಡೆಯ ಉದ್ದಕ್ಕೂ ಬರುತ್ತವೆ. ಮರಿಮೀನಿನ ಹಿಂಡನ್ನು ಗೋಡೆಗೆ ಒತ್ತಿ ಹಿಡಿದರೆ ಅವಕ್ಕೆ ಓಡಲು ಒಂದು ದಿಕ್ಕು ಕಮ್ಮಿಯಾಗುತ್ತದೆ, ಅಲ್ವಾ?

ಇನ್ನು ಬಿಳಿ ನೊರೆ. ಅಲೆ ಒಡೆಯುವ ಕಡೆ ಏಡಿ, ಹುಳು, ಚಿಪ್ಪಿನ ಚೂರು ಕಲ್ಲಿನಿಂದ ಕಿತ್ತು ಬೀಳುತ್ತವೆ. ನೊರೆಯ ಅಡಿಯಲ್ಲಿ ಬೆಳಕು ಕಮ್ಮಿ. ಮೇಲಿನಿಂದ ಹಕ್ಕಿಗೆ ಮೀನು ಕಾಣುವುದಿಲ್ಲ, ಸಣ್ಣ ಮೀನಿಗೆ ದೊಡ್ಡ ಮೀನೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಬೇಟೆಗಾರ ಮೀನುಗಳು ನೊರೆಯ ಅಂಚಿಗೆ, ಬಿಳಿ ನೀರು ಮುಗಿದು ಹಸಿರು ನೀರು ಶುರುವಾಗುವ ಗೆರೆಗೆ ಬಂದು ನಿಲ್ಲುತ್ತವೆ. ಆ ಗೆರೆ ಗೋಡೆಯಿಂದ ಕೆಲವೇ ಮೀಟರ್ ದೂರದಲ್ಲಿರುತ್ತದೆ.

ಗೋಡೆಯಲ್ಲೂ ಎಲ್ಲ ಜಾಗ ಒಂದೇ ಅಲ್ಲ

ಉದ್ದ ಗೋಡೆಯ ಮೇಲೆ ಎಲ್ಲಿ ನಿಲ್ಲಬೇಕು? ಇಳಿತ ಪೂರ್ತಿಯಾಗಿರುವ ಹೊತ್ತಲ್ಲಿ ಒಮ್ಮೆ ಗಾಳ ಇಲ್ಲದೆ, ಬರಿಗೈಲಿ ಹೋಗಿ ನೋಡಿ ಬರುವುದೇ ಒಳ್ಳೆಯದು. ನೀರು ಇಳಿದಾಗ ಕೆಳಗಿನ ಕಲ್ಲುಗಳು, ಗುಂಡಿಗಳು, ಜಾರಿ ಬಿದ್ದ ಬಂಡೆಗಳು ಕಾಣುತ್ತವೆ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಭರತದ ಹೊತ್ತಲ್ಲಿ ನೀರಿನಡಿ ಏನಿದೆ ಅನ್ನುವುದು ಗೊತ್ತಿರುತ್ತದೆ. ಇದು ಯಾವ ದುಬಾರಿ ರಾಡ್‌ಗಿಂತಲೂ ಜಾಸ್ತಿ ಉಪಯೋಗಕ್ಕೆ ಬರುವ ಕೆಲಸ.

ಮುಖ್ಯವಾಗಿ ನೋಡಬೇಕಾದ್ದು ಗೋಡೆಯ ಬುಡ, ಅಂದರೆ ಕಲ್ಲು ಮುಗಿದು ಮರಳು ಶುರುವಾಗುವ ಗೆರೆ. ಗೋಡೆ ಇಳಿಜಾರಾಗಿರುತ್ತದೆ. ಸಾಮಾನ್ಯವಾಗಿ ಒಂದು ಮೀಟರ್ ಎತ್ತರಕ್ಕೆ ಒಂದೂವರೆಯಿಂದ ಎರಡು ಮೀಟರ್ ಹೊರಕ್ಕೆ ಚಾಚಿಕೊಂಡಿರುತ್ತದೆ. ಅಂದರೆ ನೀರು ನಾಲ್ಕು ಮೀಟರ್ ಆಳ ಇದ್ದರೆ, ಬುಡ ನೀರಿನ ಅಂಚಿನಿಂದ ಆರರಿಂದ ಎಂಟು ಮೀಟರ್ ಹೊರಗೆ ಇರುತ್ತದೆ. ನೀರು ಮರಳಿನ ಮೇಲೆ ಹಾದು ಬಂದು ಅಲ್ಲಿ ಗುಂಡಿ ತೋಡಿರುತ್ತದೆ. ಅಡ್ಡಾಡುವ ಮೀನಿಗೆ ಅದೇ ಓಣಿ. ಐವತ್ತು ಮೀಟರ್ ಎಸೆದವರು ಈ ಓಣಿಯನ್ನು ದಾಟಿ ಆಚೆ ಎಸೆದಿರುತ್ತಾರೆ.

ಗೋಡೆಯ ತುದಿ ಇನ್ನೊಂದು ಜಾಗ. ಅಲ್ಲಿ ನೀರಿನ ಹರಿವು ತಿರುಗುತ್ತದೆ, ಸುಳಿ ಏಳುತ್ತದೆ, ತಳ ಆಳವಾಗಿ ಕೊರೆದುಹೋಗಿರುತ್ತದೆ. ಹರಿವಿನ ಮರೆಯಲ್ಲಿ ನಿಂತರೆ ಶ್ರಮವಿಲ್ಲದೆ ಆಹಾರ ತಾನೇ ತೇಲಿ ಬರುತ್ತದೆ ಅನ್ನುವುದು ಮೀನಿಗೆ ಗೊತ್ತು. ಆದರೆ ಅಲೆ ಮೂರು ಕಡೆಯಿಂದ ಬರುವುದೂ ತುದಿಯಲ್ಲೇ, ಅಲ್ಲಿಂದ ವಾಪಸ್ ಬರಲು ದಾರಿ ಒಂದೇ ಇರುವುದೂ ನಿಜ. ಹೊಸಬರು ತುದಿಗೆ ಹೋಗುವ ಅವಸರ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ನಡುವಿನ ತಿರುವುಗಳಲ್ಲಿ, ಕಲ್ಲಿನ ಗಾತ್ರ ಬದಲಾಗುವ ಕಡೆಗಳಲ್ಲಿ, ಕುಸಿದ ಬಂಡೆ ಹೊರಕ್ಕೆ ಚಾಚಿದ ಕಡೆಗಳಲ್ಲಿ ಬೇಕಾದಷ್ಟು ಮೀನು ಇರುತ್ತದೆ.

ಗೋಡೆಯ ಎರಡು ಬದಿಗಳೂ ಬೇರೆ ಬೇರೆ. ತೀರದ ಉದ್ದಕ್ಕೂ ಮರಳು ಒಂದು ದಿಕ್ಕಿಗೆ ಸಾಗುತ್ತಿರುತ್ತದೆ. ಅಡ್ಡ ನಿಂತ ಗೋಡೆ ಅದನ್ನು ಒಂದು ಬದಿಯಲ್ಲಿ ತಡೆದು ಹಿಡಿಯುತ್ತದೆ. ಆ ಬದಿ ಮರಳು ತುಂಬಿ ಆಳ ಕಮ್ಮಿಯಾಗುತ್ತದೆ. ಇನ್ನೊಂದು ಬದಿಗೆ ಮರಳು ಸಿಗದೆ ತೀರ ಕೊರೆಯುತ್ತದೆ. ಎರಡು ಬದಿಯ ದಂಡೆ ನೋಡಿದರೆ ಸಾಕು, ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಮರಳು ಬದಿಯಲ್ಲಿ ತೊರಕೆ, ಚಪ್ಪಟೆ ಮೀನು; ಆಳದ ಬದಿಯಲ್ಲಿ ಕಲ್ಲುಗಳ ನಡುವೆ ಬಾಳುವ ಮೀನು.

ಗೋಡೆ ಅಳಿವೆಯ ಬಾಯಲ್ಲಿದ್ದರೆ ಲೆಕ್ಕವೇ ಬೇರೆ. ಇಳಿತದ ಹೊತ್ತಲ್ಲಿ ನದಿಯ ನೀರು ಸಿಗಡಿ, ಮರಿಮೀನು ಹೊತ್ತು ಹೊರಗೆ ಬರುತ್ತದೆ. ಬೇಟೆಗಾರ ಮೀನುಗಳು ಬಾಯಲ್ಲಿ ಕಾಯುತ್ತವೆ. ಆದರೆ ಹೊರಗೆ ಹರಿಯುವ ನೀರಿಗೆ ಎದುರಾಗಿ ಅಲೆ ಬಂದರೆ ಆ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ಒಡೆಯುತ್ತದೆ. ಮೀನು ಚೆನ್ನಾಗಿ ಕಚ್ಚುವ ಹೊತ್ತೂ ನೀರು ಅತಿ ಕೆಟ್ಟದಾಗುವ ಹೊತ್ತೂ ಅಲ್ಲಿ ಒಂದೇ.

ಭರತ, ಇಳಿತ

ಹೆಚ್ಚಿನ ತೀರಗಳಲ್ಲಿ ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಕೆಲವು ತೀರಗಳಲ್ಲಿ ದಿನಕ್ಕೆ ಒಂದೇ ಭರತ, ಆದ್ದರಿಂದ ಆಯಾ ಜಾಗದ ಪಟ್ಟಿ ನೋಡಲೇಬೇಕು.

ನೀರು ಏರುವುದು ಒಂದೇ ವೇಗದಲ್ಲಿ ಅಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಒಟ್ಟು ಏರಿಕೆ 2.4 ಮೀಟರ್ ಇದ್ದರೆ ನಡುವಿನ ಒಂದೊಂದು ಗಂಟೆಯಲ್ಲೂ ನೀರು 60 ಸೆಂಟಿಮೀಟರ್ ಮೇಲೆ ಬರುತ್ತದೆ. ಇದು ಅಂದಾಜಿನ ಲೆಕ್ಕ, ಆದರೆ ಗೋಡೆ ಮೇಲೆ ನಿಲ್ಲುವವರಿಗೆ ಎರಡು ರೀತಿ ಮುಖ್ಯ. ನೀರು ಓಡುವ ಹೊತ್ತಲ್ಲೇ ಆಹಾರ ಓಡಾಡುತ್ತದೆ, ಮೀನು ಕಚ್ಚುತ್ತದೆ. ಪೂರ್ತಿ ನಿಂತ ನೀರಿನಲ್ಲಿ ಬಹಳ ಸಲ ಬೇಸರವೇ ಗತಿ. ಮತ್ತೆ, ಮೀನು ಕಚ್ಚುತ್ತಿರುವಾಗ ಯಾರಿಗೂ ಗಡಿಯಾರದ ನೆನಪಿರುವುದಿಲ್ಲ. ಬರುವಾಗ ಒಣಗಿದ್ದ ದಾರಿಯಲ್ಲಿ ಹೋಗುವಾಗ ನೀರಿರುತ್ತದೆ.

ಏರುವ ನೀರಿನ ಎರಡನೇ ಅರ್ಧ, ಇಳಿಯುವ ನೀರಿನ ಮೊದಲ ಗಂಟೆ, ಜೊತೆಗೆ ಅದು ಬೆಳಗಿನ ಅಥವಾ ಸಂಜೆಯ ಮಬ್ಬು ಬೆಳಕಿಗೆ ಕೂಡಿ ಬಂದರೆ ಹೊರಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಚಂದ್ರ ನೆತ್ತಿಗೆ ಬಂದ ನಿಮಿಷವನ್ನು ಹಿಡಿದು ಮೀನು ಕಚ್ಚುವ ಹೊತ್ತು ಹೇಳುವ ಪಟ್ಟಿಗಳೂ ಸಿಗುತ್ತವೆ. ನನಗೆ ಅವುಗಳ ಮೇಲೆ ಅಷ್ಟು ಭರವಸೆ ಇಲ್ಲ. ನೀರಿನ ಓಟ, ಬೆಳಕು ಇವೆರಡನ್ನು ನೋಡಿಕೊಂಡರೆ ಹೆಚ್ಚಿನ ಕೆಲಸ ಆಗಿರುತ್ತದೆ.

ಅಲೆಯನ್ನು ಓದುವುದು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಹೊರಪದರದ ಬಂಡೆಗಳನ್ನು ಅಷ್ಟು ದೊಡ್ಡದಾಗಿ ಯಾಕೆ ಹಾಕುತ್ತಾರೆ ಗೊತ್ತಾ? 1950ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ರಾಬರ್ಟ್ ಹಡ್ಸನ್ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ ಬೇಕಾಗುವ ಬಂಡೆಯ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಅಲೆ ಎರಡು ಪಟ್ಟು ಎತ್ತರವಾದರೆ ಬಂಡೆ ಎಂಟು ಪಟ್ಟು ಭಾರ ಇರಬೇಕು. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ. ಟನ್‌ಗಟ್ಟಲೆ ಕಲ್ಲನ್ನು ಅಲುಗಾಡಿಸಬಲ್ಲ ನೀರಿನ ಎದುರು ಎಪ್ಪತ್ತು ಕಿಲೋ ಮನುಷ್ಯನ ಕಾಲಿನ ಹಿಡಿತ ಏನೂ ಅಲ್ಲ. ಮೊಣಕಾಲಿನ ಎತ್ತರದ ನೀರು ವೇಗವಾಗಿ ಬಂದರೂ ಸಾಕು, ನಿಂತವರು ಬೀಳುತ್ತಾರೆ.

ಜನ ಮೋಸ ಹೋಗುವುದು ಅಲೆಯ ಎತ್ತರ ಒಂದನ್ನೇ ನೋಡಿ. ಹವಾಮಾನ ಮುನ್ಸೂಚನೆಯಲ್ಲಿ ಒಂದೂವರೆ ಮೀಟರ್ ಅಂತ ಬರೆದಿದ್ದರೆ ಅದು ಅತಿ ದೊಡ್ಡ ಅಲೆಯ ಎತ್ತರ ಅಲ್ಲ. ಎಲ್ಲ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಭಾಗವನ್ನು ತೆಗೆದುಕೊಂಡು ಅದರ ಸರಾಸರಿ ಹೇಳಿರುತ್ತಾರೆ. ಮೂರು ಗಂಟೆ ನಿಂತರೆ ಅದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದ ಒಂದು ಅಲೆ ಬರುವುದು ಅಚ್ಚರಿಯೇ ಅಲ್ಲ. ಅದು ರಾಕ್ಷಸ ಅಲೆಯೂ ಅಲ್ಲ, ಲೆಕ್ಕದೊಳಗಿನ ಅಲೆಯೇ.

ಎತ್ತರದಷ್ಟೇ ಮುಖ್ಯ ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸಮಯ. ಹತ್ತಿರದ ಗಾಳಿ ಎಬ್ಬಿಸಿದ ಅಲೆ ಐದಾರು ಸೆಕೆಂಡಿಗೊಂದು ಬರುತ್ತದೆ. ಸಾವಿರಾರು ಕಿಲೋಮೀಟರ್ ಆಚೆಯ ಬಿರುಗಾಳಿ ಎಬ್ಬಿಸಿದ ಅಲೆ 14, 16 ಸೆಕೆಂಡಿಗೊಂದು ಬರುತ್ತದೆ. ಆಳ ನೀರಿನಲ್ಲಿ 7 ಸೆಕೆಂಡಿನ ಅಲೆಯ ಉದ್ದ ಸುಮಾರು 76 ಮೀಟರ್. 14 ಸೆಕೆಂಡಿನದರ ಉದ್ದ ಸುಮಾರು 300 ಮೀಟರ್. ಸಮಯ ಎರಡು ಪಟ್ಟು, ಉದ್ದ ನಾಲ್ಕು ಪಟ್ಟು. ಹೊರಗೆ ಎರಡೂ ಒಂದೇ ಎತ್ತರ ಕಾಣಬಹುದು. ಆದರೆ ಉದ್ದ ಅಲೆಯ ಹಿಂದೆ ನೂಕುವ ನೀರು ಬಹಳ. ಗೋಡೆ ತಲುಪಿದಾಗ ಅದು ಒಡೆದು ಮುಗಿಯುವುದಿಲ್ಲ, ಇಳಿಜಾರಿನ ಮೇಲೆ ಹತ್ತುತ್ತಲೇ ಹೋಗುತ್ತದೆ. ಅದೂ ಬಿಸಿಲು ಕಾಯುತ್ತಿರುವ, ಗಾಳಿಯೇ ಇಲ್ಲದ ದಿನ! ಮುನ್ಸೂಚನೆ ನೋಡುವಾಗ ಎತ್ತರದ ಪಕ್ಕದಲ್ಲಿ ಸೆಕೆಂಡಿನ ಸಂಖ್ಯೆ ಇರುತ್ತದೆ. ಅದನ್ನು ಬಿಡಬೇಡಿ. ಅದು 12 ದಾಟಿದರೆ ತೆರೆದ ಕಡಲಿಗೆ ಮುಖ ಮಾಡಿದ ಗೋಡೆ ನಿಮಗೆ ಆ ದಿನ ಬೇಡ ಅಂತಲೇ ನಾನು ಹೇಳುತ್ತೇನೆ.

ಅಲೆಗಳು ಗುಂಪಾಗಿ ಬರುತ್ತವೆ ಅನ್ನುವುದೂ ನೆನಪಿರಲಿ. ಸ್ವಲ್ಪ ಬೇರೆ ಬೇರೆ ಉದ್ದದ ಅಲೆಗಳು ಒಂದರ ಮೇಲೊಂದು ಸೇರಿದಾಗ ಕೆಲವು ದೊಡ್ಡವಾಗುತ್ತವೆ, ಆಮೇಲೆ ಕೆಲ ಹೊತ್ತು ಶಾಂತ. ಆ ಶಾಂತ ಹೊತ್ತು ಹತ್ತು ಹದಿನೈದು ನಿಮಿಷ ಇರಬಹುದು. ಬಂದ ಕೂಡಲೇ ಅದನ್ನು ನೋಡಿ ಕೆಳಗಿನ ಬಂಡೆಗೆ ಇಳಿದವರು ಮುಂದಿನ ಗುಂಪಿಗೆ ಸಿಗುತ್ತಾರೆ. ಕನಿಷ್ಠ ಅರ್ಧ ಗಂಟೆ ಮೇಲೆ ನಿಂತು ನೋಡಿ. ಆ ಹೊತ್ತಲ್ಲಿ ಗಾಳ ಕಟ್ಟಿಕೊಳ್ಳಬಹುದು, ಕೆಲಸ ಕೆಡುವುದಿಲ್ಲ.

ಗೋಡೆ ಕೂಡ ಹೇಳುತ್ತದೆ. ಬಾರ್ನಕಲ್ ಇರುವಷ್ಟು ಎತ್ತರಕ್ಕೆ ನೀರು ದಿನವೂ ಬರುತ್ತದೆ. ಅದರ ಮೇಲೆ ಕಪ್ಪು ಪಟ್ಟಿ ಇರುತ್ತದೆ, ಬಣ್ಣ ಬಳಿದ ಹಾಗೆ ತೆಳ್ಳಗೆ. ಅಲ್ಲಿಗೆ ಅಲೆಯ ಸಿಡಿತ ಆಗಾಗ ಬರುತ್ತದೆ. ಆ ಕಪ್ಪು ಪಾಚಿ ಒಣಗಿದ್ದಾಗ ಏನೂ ಅನ್ನಿಸುವುದಿಲ್ಲ, ಒದ್ದೆಯಾದ ಕೂಡಲೇ ವಿಪರೀತ ಜಾರುತ್ತದೆ. ನೀರಿನ ಹತ್ತಿರದ ಹಸಿರು ಪಾಚಿಯೂ ಹಾಗೇ. ಬಾರ್ನಕಲ್ ಮೇಲೆ ಹಿಡಿತ ಸಿಗುತ್ತದೆ, ಆದರೆ ಬಿದ್ದರೆ ಚರ್ಮ ಸೀಳುತ್ತದೆ. ಕಪ್ಪು ಪಟ್ಟಿಯ ಕೆಳಗೆ ನಿಲ್ಲಬೇಡಿ ಅನ್ನುವುದು ಒಳ್ಳೆಯ ನಿಯಮ. ಪಟ್ಟಿಯ ಮೇಲಿದ್ದೇನೆ ಅಂದ ಮಾತ್ರಕ್ಕೆ ಏನೂ ಆಗಲ್ಲ ಅಂತಲೂ ಅಲ್ಲ.

ಲೈಫ್ ಜಾಕೆಟ್ ಹಾಕಿಕೊಳ್ಳಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಂಡೆಯಿಂದ ಮೀನು ಹಿಡಿಯಲು ಹೋಗಿ ಸಾಯುವವರ ಸಂಖ್ಯೆ ನೋಡಿ 2016ರಲ್ಲಿ ಅದಕ್ಕಾಗಿಯೇ ಒಂದು ಕಾನೂನು ತಂದರು. ಅಪಾಯ ಜಾಸ್ತಿ ಅಂತ ಗುರುತಿಸಿದ ಕಡೆಗಳಲ್ಲಿ ಲೈಫ್ ಜಾಕೆಟ್ ಕಡ್ಡಾಯ. ಈಜು ಚೆನ್ನಾಗಿ ಬರುತ್ತೆ ಅನ್ನುವುದು ಇಲ್ಲಿ ಉತ್ತರ ಆಗುವುದಿಲ್ಲ. ಬೀಳುವಾಗಲೇ ತಲೆ ಕಲ್ಲಿಗೆ ಬಡಿಯಬಹುದು, ಬಡಿದ ಮೇಲೆ ಈಜಲು ಆಗುವುದಿಲ್ಲ. ನೀರಿಗೆ ಬಿದ್ದರೆ ಬಿದ್ದ ಜಾಗದಲ್ಲೇ ಕಲ್ಲು ಹಿಡಿದು ಹತ್ತಲು ಮನಸ್ಸು ಎಳೆಯುತ್ತದೆ. ಅದೇ ತಪ್ಪು. ಮುಂದಿನ ಅಲೆ ಎತ್ತಿ ಅದೇ ಕಲ್ಲಿಗೆ ಬಡಿಯುತ್ತದೆ. ಗೋಡೆಯಿಂದ ಹೊರಕ್ಕೆ ಈಜಿ, ಒಡೆಯುವ ಅಲೆಯ ಆಚೆ ತೇಲುತ್ತಾ ನೆರವಿಗೆ ಕಾಯಬೇಕು. ಮೇಲಿದ್ದವರು ಹಿಂದೆಯೇ ಜಿಗಿಯಬಾರದು. ತೇಲುವ ಏನನ್ನಾದರೂ ಎಸೆಯಬೇಕು. ಮುಚ್ಚಳ ಹಾಕಿದ ಖಾಲಿ ಕ್ಯಾನ್, ಐಸ್ ಪೆಟ್ಟಿಗೆ ಕೂಡ ಆಗುತ್ತದೆ. ಆಮೇಲೆ ರಕ್ಷಣಾ ದಳಕ್ಕೆ ಫೋನ್. ಅದಕ್ಕೇ ಒಬ್ಬರೇ ಹೋಗಬಾರದು ಅನ್ನುವುದು.

ಟೆಟ್ರಾಪಾಡ್ ಬಗ್ಗೆ ಒಂದು ಮಾತು. ಅದರ ಮೇಲೆ ನಿಂತು ಗಾಳ ಹಾಕಬೇಡಿ, ಅಷ್ಟೇ. ಮೈ ದುಂಡಗೆ, ಹಿಡಿಯಲು ಏನೂ ಇಲ್ಲ. ಸಂದಿಗೆ ಬಿದ್ದರೆ ಹಲವು ಮೀಟರ್ ಆಳ. ಅಲೆಯ ಸದ್ದಿನಲ್ಲಿ ಕೂಗು ಹೊರಗೆ ಕೇಳಿಸುವುದಿಲ್ಲ. ಎಷ್ಟೋ ಬಂದರುಗಳಲ್ಲಿ ಅದರ ಮೇಲೆ ಹತ್ತುವುದನ್ನೇ ನಿಷೇಧಿಸಿದ್ದಾರೆ, ಸರಿಯಾಗಿಯೇ ಇದೆ. ಗುಡುಗು ಕೇಳಿದರೆ ರಾಡ್ ಕೆಳಗಿಡಿ. ಕಾರ್ಬನ್ ರಾಡ್ ಕರೆಂಟ್ ಹರಿಸುತ್ತದೆ.

ದಾರ ಮತ್ತು ಕಲ್ಲು

ಈಗ ಸಾಮಾನಿನ ಮಾತು. ಗೋಡೆಯಲ್ಲಿ ದಾರದ ಶತ್ರು ಮೀನಲ್ಲ, ಕಲ್ಲು. ಆ ಕಲ್ಲಿನ ಮೇಲೆ ಬೆಳೆದ ಬಾರ್ನಕಲ್, ನೀಲಿಕಲ್ಲು ಇನ್ನೂ ಕೆಟ್ಟವು, ಬ್ಲೇಡಿಗೆ ಸಮ.

ಮೂರು ಬಗೆಯ ದಾರ ಬಳಕೆಯಲ್ಲಿದೆ. ನೈಲಾನ್ ಒಂಟಿ ಎಳೆಯ ದಾರ ಹಿಗ್ಗುತ್ತದೆ, ತುಂಡಾಗುವ ಮೊದಲು ತನ್ನ ಉದ್ದದ ಐದನೇ ಒಂದು ಭಾಗ ಅಥವಾ ಇನ್ನೂ ಜಾಸ್ತಿ. ಹೆಣೆದ ಪಾಲಿಎಥಿಲೀನ್ ದಾರ, ಅಂದರೆ ಬ್ರೇಡ್, ಹೆಚ್ಚುಕಮ್ಮಿ ಹಿಗ್ಗುವುದೇ ಇಲ್ಲ. ಅಷ್ಟೇ ಬಲಕ್ಕೆ ಬಹಳ ತೆಳ್ಳಗಿರುತ್ತದೆ. ಮೀನು ಮುಟ್ಟಿದ್ದು ಬೆರಳಿಗೆ ತಕ್ಷಣ ಗೊತ್ತಾಗುತ್ತದೆ, ದೂರ ಎಸೆಯಬಹುದು, ನೀರಲ್ಲಿ ತೇಲುತ್ತದೆ. ಆದರೆ ಬಿಗಿಯಾಗಿದ್ದಾಗ ಕಲ್ಲಿನ ಅಂಚಿಗೆ ತಾಗಿದರೆ ತೆಳ್ಳನೆಯ ಎಳೆಗಳು ಒಂದೊಂದಾಗಿ ಕಡಿದು ಮುಗಿಯಿತು. ಮೂರನೆಯದು ಫ್ಲೋರೋಕಾರ್ಬನ್. ನೈಲಾನ್‌ಗಿಂತ ಭಾರ, ಮುಳುಗುತ್ತದೆ, ಉಜ್ಜಾಟ ಚೆನ್ನಾಗಿ ತಾಳುತ್ತದೆ. ಬೆಳಕನ್ನು ಬಾಗಿಸುವ ಗುಣ ನೀರಿಗೆ ಹತ್ತಿರ ಇರುವುದರಿಂದ ಮೀನಿಗೆ ಕಾಣುವುದು ಕಮ್ಮಿ ಅನ್ನುತ್ತಾರೆ. ನೀರಿನದು 1.33, ಫ್ಲೋರೋಕಾರ್ಬನ್ 1.42, ನೈಲಾನ್ ಸುಮಾರು 1.53. ಲೆಕ್ಕ ನಿಜ. ಆದರೆ ನೊರೆ ತುಂಬಿದ ನೀರಿನಲ್ಲಿ ಅದರಿಂದ ದೊಡ್ಡ ವ್ಯತ್ಯಾಸ ಆಗುತ್ತದೆ ಅಂತ ನನಗನ್ನಿಸುವುದಿಲ್ಲ. ಉಜ್ಜಾಟ ತಾಳುವುದೇ ಇಲ್ಲಿ ಮುಖ್ಯ.

ಹಾಗಾಗಿ ಸುಲಭದ ಜೋಡಣೆ ಇದು: ರೀಲ್ ತುಂಬ ಬ್ರೇಡ್ ಅಥವಾ ನೈಲಾನ್, ತುದಿಗೆ ಎರಡು ಮೂರು ಮೀಟರ್ ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್. ಬಂಡೆಗೆ ಉಜ್ಜುವುದು ಈ ಕೊನೆಯ ಭಾಗವೇ. ಪ್ರತಿ ಮೀನಾದ ಮೇಲೆ, ಪ್ರತಿ ಸಲ ಸಿಕ್ಕಿಕೊಂಡ ಮೇಲೆ ಲೀಡರ್ ಅನ್ನು ಬೆರಳ ನಡುವೆ ಎಳೆದು ನೋಡಿ. ಒರಟು ತಾಗಿದರೆ ಅಷ್ಟು ಕತ್ತರಿಸಿ ಮತ್ತೆ ಕಟ್ಟಿ. ಗಂಟು ಬಿಗಿಯುವ ಮೊದಲು ಒದ್ದೆ ಮಾಡಬೇಕು, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ದಾರದ ಬಲ ಕುಗ್ಗುತ್ತದೆ. ರಾಡ್ ಮೂರು ಮೀಟರ್ ಆಸುಪಾಸಿನ ಉದ್ದ ಇದ್ದರೆ ಒಳ್ಳೆಯದು. ಇದು ದೂರ ಎಸೆಯಲು ಅಲ್ಲ, ಎದುರಿನ ಬಂಡೆಗಳಿಗೆ ತಾಗದಂತೆ ದಾರವನ್ನು ಎತ್ತಿ ಹಿಡಿಯಲು.

ಸಿಕ್ಕಿಕೊಳ್ಳುವುದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ನಷ್ಟ ಕಮ್ಮಿ ಮಾಡಬಹುದು. ಸಂದಿಗೆ ಹೋಗಿ ಕೂರುವುದು ಹೆಚ್ಚಾಗಿ ಗಾಳ ಅಲ್ಲ, ಸೀಸದ ಗುಂಡು. ಆದ್ದರಿಂದ ಗುಂಡನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟಬೇಡಿ. ಕಮ್ಮಿ ಬಲದ ದಾರದ ತುಂಡಿನಲ್ಲಿ ಕಟ್ಟಿ. ಮುಖ್ಯ ದಾರ 10 ಕಿಲೋ ತಾಳುವಂಥದ್ದಾದರೆ ಗುಂಡಿನದು 3 ಕಿಲೋ ಸಾಕು. ಸಿಕ್ಕಿಕೊಂಡರೆ ಆ ತುಂಡು ಹರಿಯುತ್ತದೆ, ಗಾಳ ಮತ್ತು ಅದರಲ್ಲಿದ್ದ ಮೀನು ವಾಪಸ್ ಬರುತ್ತದೆ. ಸೀಸ ವಿಷ. ಗೋಡೆ ಸಂದಿಯಲ್ಲಿ ಅದನ್ನು ಬಿಟ್ಟು ಬರುವ ಬದಲು ಹಳೆಯ ಕಬ್ಬಿಣದ ನಟ್ಟು, ತೂತಿನ ಕಲ್ಲು, ಬಟ್ಟೆಯಲ್ಲಿ ಕಟ್ಟಿದ ಮರಳು ಬಳಸಬಹುದು. ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ.

ಇನ್ನೂ ಸುಲಭ ದಾರಿ ಬೆಂಡು. ತಳದಿಂದ ಅರ್ಧ, ಒಂದು ಮೀಟರ್ ಮೇಲೆ ಎರೆ ತೇಲುವಂತೆ ಬೆಂಡು ಹೊಂದಿಸಿದರೆ ಗಾಳ ಕಲ್ಲಿಗೆ ಮುಟ್ಟುವುದೇ ಇಲ್ಲ. ಹರಿವು ಅದನ್ನು ಗೋಡೆಯ ಉದ್ದಕ್ಕೂ ತೇಲಿಸಿಕೊಂಡು ಹೋಗುತ್ತದೆ. ಕಲ್ಲಿನಿಂದ ಬಿದ್ದ ಸಿಗಡಿಯೋ ಏಡಿಯೋ ಹೋಗುವುದೂ ಹಾಗೆಯೇ. ಹೊಸಬರು ಇದರಿಂದಲೇ ಶುರು ಮಾಡಲಿ.

ಸಿಕ್ಕಿಕೊಂಡಾಗ ರಾಡ್ ಬಗ್ಗಿಸಿ ಜಗ್ಗಬೇಡಿ, ರಾಡ್ ಮುರಿಯುತ್ತದೆ. ಮೊದಲು ದಾರ ಸಡಿಲ ಬಿಡಿ, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ಬೇರೆ ಕೋನದಿಂದ ಎತ್ತಿ ನೋಡಿ. ಬಾರದಿದ್ದರೆ ದಾರವನ್ನು ಕೋಲಿಗೆ ಸುತ್ತಿ ನೇರವಾಗಿ ಎಳೆಯಿರಿ. ಕೈಗೆ ಸುತ್ತಿದರೆ ಬ್ರೇಡ್ ಬೆರಳು ಕೊಯ್ಯುತ್ತದೆ. ಮುಖ ಆಚೆ ತಿರುಗಿಸಿರಲಿ, ಬಿಡಿಸಿಕೊಂಡ ಸೀಸದ ಗುಂಡು ಬಂದೂಕಿನ ಗುಂಡಿನ ಹಾಗೇ ಬರುತ್ತದೆ. ಹರಿದ ದಾರವನ್ನು ಅಲ್ಲೇ ಬಿಡಬೇಡಿ, ಹಕ್ಕಿ, ಆಮೆಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ.

ಎರೆ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೋಡೆಯ ಮೇಲೆ ಏನು ಇದೆಯೋ ಅದೇ ಒಳ್ಳೆಯ ಎರೆ: ಸಣ್ಣ ಏಡಿ, ಸಿಗಡಿ, ನೀಲಿಕಲ್ಲಿನ ಮಾಂಸ, ಹುಳು, ಮೀನಿನ ತುಂಡು. ಹಸಿಯಾಗಿರಬೇಕು, ಅಷ್ಟೇ. ಕೃತಕ ಎರೆಯಾದರೆ ಜಿಗ್ ತಲೆಗೆ, ಅಂದರೆ ತಲೆಯಲ್ಲಿ ತೂಕವಿರುವ ಗಾಳಕ್ಕೆ, ಚುಚ್ಚಿದ ಮೆತ್ತನೆ ರಬ್ಬರ್ ಮೀನು, ನೊರೆಯ ಅಂಚಿಗೆ ಲೋಹದ ಜಿಗ್, ಅಂದರೆ ಮೀನಿನಂತೆ ಕಾಣುವ ಲೋಹದ ಎರೆ.

ಎಸೆಯುವ ದಿಕ್ಕು ಮಾತ್ರ ಬದಲಿಸಿ. ಗೋಡೆಗೆ ಎದುರಾಗಿ ಹೊರಕ್ಕೆ ಎಸೆದರೆ ಎರೆ ಒಳ್ಳೆಯ ನೀರಿನಲ್ಲಿ ಇರುವುದು ಕೊನೆಯ ಕೆಲವು ಮೀಟರ್ ಮಾತ್ರ. ಗೋಡೆಗೆ ಸಮಾನಾಂತರವಾಗಿ, ಬುಡದ ಗೆರೆಯ ಮೇಲೆ ಎಸೆದು ಎಳೆದರೆ ಪೂರ್ತಿ ದಾರಿ ಒಳ್ಳೆಯ ನೀರಿನಲ್ಲೇ ಬರುತ್ತದೆ. ಪಕ್ಕದಲ್ಲಿ ಬೇರೆಯವರು ನಿಂತಿದ್ದರೆ ಅವರ ದಾರಕ್ಕೆ ಅಡ್ಡ ಬರದಷ್ಟು ಜಾಗ ಬಿಡಿ.

ಕಚ್ಚಿದ ಮೇಲೆ

ಕಲ್ಲಿನ ಮೀನು ಕಚ್ಚಿದ ಕೂಡಲೇ ಮಾಡುವ ಕೆಲಸ ತನ್ನ ಸಂದಿಗೆ ತಿರುಗುವುದು. ಮೊದಲ ಎರಡು ಮೂರು ಸೆಕೆಂಡಿನಲ್ಲೇ ಫಲಿತಾಂಶ ತೀರ್ಮಾನವಾಗುತ್ತದೆ. ರೀಲಿನ ಡ್ರ್ಯಾಗ್ ಅನ್ನು, ಅಂದರೆ ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿತವನ್ನು, ಸಾಮಾನ್ಯವಾಗಿ ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಇಡುತ್ತಾರೆ. ಮರಳಿನ ಮೇಲೆ ಅದು ಸರಿ. ಗೋಡೆಯ ಬುಡದಲ್ಲಿ ಮೀನಿಗೆ ಒಂದು ಮೀಟರ್ ದಾರ ಕೊಟ್ಟರೂ ಅದು ಒಳಗೆ ಹೋಗಿರುತ್ತದೆ. ಅದಕ್ಕೇ ದಾರ ದಪ್ಪದ್ದು ಹಾಕಿ, ಡ್ರ್ಯಾಗ್ ಬಿಗಿ ಇಟ್ಟು, ಮೊದಲ ಎಳೆತದಲ್ಲೇ ತಲೆ ಮೇಲಕ್ಕೆ ತಿರುಗಿಸಬೇಕು. ತುದಿ ಒಳಕ್ಕೆ ಬಾಗಿದ ಸರ್ಕಲ್ ಗಾಳ ಬಳಸಿದರೆ ಜೋರಾಗಿ ಝಾಡಿಸಬಾರದು. ದಾರ ಬಿಗಿಯಾಗುತ್ತಾ ಬಂದಾಗ ಅದು ತಾನೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯೊಳಗೆ ಹೋಗುವುದು ಕಮ್ಮಿ, ಬಿಟ್ಟ ಮೀನು ಬದುಕುವುದು ಜಾಸ್ತಿ.

ಒಳಗೆ ಹೋಗಿಯೇಬಿಟ್ಟಿತು ಅನ್ನಿ. ಗ್ರೂಪರ್ ಕಿವಿರು, ರೆಕ್ಕೆ ಅಗಲಿಸಿ ಸಂದಿಯಲ್ಲಿ ಬಿಗಿಯಾಗಿ ಕೂತುಬಿಡುತ್ತದೆ. ಎಳೆದಷ್ಟೂ ಗಟ್ಟಿಯಾಗುತ್ತದೆ. ದಾರ ಪೂರ್ತಿ ಸಡಿಲ ಬಿಟ್ಟು ಐದು ನಿಮಿಷ ಕಾಯಿರಿ. ಎಳೆತ ನಿಂತಿತು ಅಂತ ಎಷ್ಟೋ ಸಲ ಅದೇ ಹೊರಗೆ ಬರುತ್ತದೆ. ದಾರ ಅಲುಗಿದ ಕ್ಷಣ ಎತ್ತಬೇಕು.

ಮೇಲಕ್ಕೆ ತರುವುದು ಹೇಗೆ ಅನ್ನುವುದನ್ನು ಎಸೆಯುವ ಮೊದಲೇ ಯೋಚಿಸಿರಬೇಕು. ದೊಡ್ಡ ಮೀನು ಕಂಡ ಖುಷಿಯಲ್ಲಿ ಒದ್ದೆ ಬಂಡೆಗೆ ಇಳಿಯುವುದೇ ಬಹಳ ಅಪಘಾತಗಳ ಶುರು. ನಾಲ್ಕೈದು ಮೀಟರ್ ಹಿಡಿಯ ಬಲೆ ಇರಲಿ. ಗೋಡೆ ತೀರಾ ಎತ್ತರವಾಗಿದ್ದರೆ ಹಗ್ಗಕ್ಕೆ ಕಟ್ಟಿ ಇಳಿಸುವ ಬಳೆ ಬಲೆ. ಇವೆರಡೂ ಇಲ್ಲದಿದ್ದರೆ ಅಲೆಯನ್ನೇ ಕೆಲಸಕ್ಕೆ ಹಚ್ಚಿ: ಏರುವ ಅಲೆಯ ಜೊತೆ ಮೀನನ್ನು ಕಲ್ಲಿನ ಮೇಲಕ್ಕೆ ಜಾರಿಸಿ, ನೀರು ವಾಪಸ್ ಇಳಿಯುವಾಗ ಎಳೆಯದೆ ಸುಮ್ಮನೆ ಹಿಡಿದು ನಿಲ್ಲಿ, ಮುಂದಿನ ಅಲೆಗೆ ಮತ್ತೆ ಮೇಲಕ್ಕೆ. ಇಳಿಯುವ ನೀರಿನ ಎದುರು ಎಳೆದರೆ ಮೀನಿನ ತೂಕಕ್ಕೆ ನೀರಿನ ತೂಕವೂ ಸೇರಿ ದಾರ ಹರಿಯುತ್ತದೆ.

ಸಣ್ಣ ಮೀನು, ಹಿಡಿಯಬಾರದ ಜಾತಿ ಆದರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ಬಲೆಯಲ್ಲೇ ನೀರಿಗೆ ಇಳಿಸಿ. ಎತ್ತರದಿಂದ ಎಸೆದರೆ ಕಲ್ಲಿಗೆ ಬಡಿದು ಸಾಯುತ್ತದೆ. ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು, ಆ ಗೋಡೆ ಮೇಲೆ ಹೋಗಲು ಅನುಮತಿ ಇದೆಯಾ ಅನ್ನುವುದು ಊರಿಂದೂರಿಗೆ ಬೇರೆ, ಮೊದಲೇ ಕೇಳಿಕೊಳ್ಳಿ.

ಗುರುತು ಸಿಗದ ಮೀನನ್ನು ಬರಿಗೈಲಿ ಹಿಡಿಯಬೇಡಿ. ಕಡಲ ಬೆಕ್ಕುಮೀನಿನ ರೆಕ್ಕೆಯ ಮುಳ್ಳು, ತೊರಕೆಯ ಬಾಲದ ಮುಳ್ಳು, ಕಲ್ಲಿನ ಬಣ್ಣದಲ್ಲೇ ಕೂತಿರುವ ಚೇಳುಮೀನಿನ ಬೆನ್ನು, ಎಲ್ಲದರಲ್ಲೂ ವಿಷ ಇದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ ದಾಟದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ಈ ವಿಷ ಪ್ರೋಟೀನ್ ಆಗಿರುವುದರಿಂದ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ನೀರು ಎಷ್ಟು ಬಿಸಿ ಅಂತ ಚುಚ್ಚದ ಕೈಯಿಂದ ನೋಡಿ, ಚುಚ್ಚಿದ ಕೈಗೆ ಸುಡುವುದು ಗೊತ್ತಾಗದೆ ಹೋಗಬಹುದು. ಮುಳ್ಳಿನ ತುಂಡು ಒಳಗೆ ಉಳಿದಿದ್ದರೆ, ಎದೆಗೋ ಹೊಟ್ಟೆಗೋ ಚುಚ್ಚಿದ್ದರೆ ಬಿಸಿ ನೀರಿನ ಪ್ರಯೋಗ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು. ಎಳೆದ ಕೂಡಲೇ ಬಲೂನಿನಂತೆ ಊದಿಕೊಳ್ಳುವ ಪಫರ್ ಮೀನಿನ ವಿಷ ಬೇರೆ ಥರ. ಅದು ಬೇಯಿಸಿದರೂ ಹೋಗುವುದಿಲ್ಲ, ಅದಕ್ಕೆ ಪ್ರತಿವಿಷವೂ ಇಲ್ಲ. ಎಷ್ಟೇ ದೊಡ್ಡದಿರಲಿ, ಗಾಳ ಬಿಡಿಸಿ ನೀರಿಗೆ ಬಿಟ್ಟುಬಿಡಿ.